ಎಟ್ರಸ್ಕನರ ವೊಲ್ಟುಮ್ನ ದೈವ: ಆಕರಗಳ ಒಂದು ಪರಾಮರ್ಶೆ

೧

ಪ್ರಾಚೀನ ಇಟಲಿಯ ಧರ್ಮಗಳನ್ನು ಕುರಿತ ಸಾಮಾನ್ಯ ಗ್ರಂಥಗಳಲ್ಲಿ ವೊಲ್ಟುಮ್ನ ಎಂಬ ದೈವಕ್ಕೆ ಒಂದು ಸಿದ್ಧಚಿತ್ರ ದೊರೆಯುತ್ತದೆ. ಈತನು ಎಟ್ರಸ್ಕನರ ಪರಮದೈವ. ಅವರ ಹನ್ನೆರಡು ನಗರಗಳ ಒಕ್ಕೂಟಕ್ಕೆ ಅಧಿದೇವತೆ. ಋತುಪರಿವರ್ತನೆಗೂ ಸಸ್ಯಸಮೃದ್ಧಿಗೂ ಒಡೆಯ. ಬೇಕಾದ ರೂಪವನ್ನು ತಾಳಬಲ್ಲವನು. ಈತನ ಕ್ಷೇತ್ರದಲ್ಲಿ ವರ್ಷಕ್ಕೊಮ್ಮೆ ಸಮಸ್ತ ಎಟ್ರೂರಿಯವೂ ನೆರೆದು ಉತ್ಸವವನ್ನು ನಡೆಸುತ್ತಿತ್ತು. ಇವು ಆ ಚಿತ್ರದ ಮುಖ್ಯ ರೇಖೆಗಳು. ರೋಮಿನ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ಇವನ್ನೇ ಟಿಪ್ಪಣಿಗಳಲ್ಲಿ ಬರೆದುಕೊಳ್ಳುತ್ತಾರೆ. ಪಾಠ ಹೇಳುವ ನಾವೂ ಬಹುಮಟ್ಟಿಗೆ ಇವನ್ನೇ ಹೇಳುತ್ತ ಬಂದಿದ್ದೇವೆ. ಈ ರೇಖೆಗಳಲ್ಲಿ ಯಾವುದು ಯಾವ ಆಕರದಿಂದ ಬಂದಿತು, ಆ ಆಕರಕ್ಕೆ ಎಷ್ಟು ಭಾರವನ್ನು ಹೊರುವ ಶಕ್ತಿಯಿದೆ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪರೀಕ್ಷೆ ಅನಾವಶ್ಯಕವಾದ ತರ್ಕವೆಂದು ಯಾರೂ ಭಾವಿಸಬೇಕಾಗಿಲ್ಲ. ಆರ್ನೊ ಮತ್ತು ಟೈಬರ್ ನದಿಗಳ ನಡುವಣ ನಾಡಿನಲ್ಲಿ ಹಲವು ಶತಮಾನಗಳ ಕಾಲ ಬಾಳಿದ ಎಟ್ರಸ್ಕನರ ಗ್ರಂಥಸಾಹಿತ್ಯವೆಲ್ಲ ಬಹುತೇಕ ನಷ್ಟವಾಗಿದೆ. ಅವರ ಲಿಪಿ ಗ್ರೀಕ್ ಲಿಪಿಯಿಂದ ಬಂದುದಾದ್ದರಿಂದ ಅದನ್ನು ಓದಲು ತೊಡಕಿಲ್ಲ. ಆದರೆ ಭಾಷೆ ಇಂದಿಗೂ ಅಂಶಮಾತ್ರವೇ ಅರ್ಥವಾಗುತ್ತಿದೆ. ದೊರೆತಿರುವ ಸಾವಿರಾರು ಶಾಸನಗಳಲ್ಲಿ ಹೆಚ್ಚಿನವು ಸತ್ತವರ ಹೆಸರು, ವಂಶ, ವಯಸ್ಸು ಇಷ್ಟನ್ನೇ ಹೇಳುವ ಕಿರುಬರಹಗಳು. ಹೀಗಾಗಿ ಎಟ್ರಸ್ಕನರ ದೇವರನ್ನು ಕುರಿತು ವಾಕ್ಯರೂಪದಲ್ಲಿ ನಮಗೆ ಮಾತನಾಡುವವರು ಅವರನ್ನು ಗೆದ್ದ ರೋಮನ್ನರು. ಗೆದ್ದವರು ಬರೆದುದನ್ನು ಸೋತವರ ಶ್ರದ್ಧೆಯೆಂದು ಓದುವುದು ಎಷ್ಟರಮಟ್ಟಿಗೆ ನ್ಯಾಯ ಎಂಬ ಪ್ರಶ್ನೆಗೆ ವೊಲ್ಟುಮ್ನನಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದು ದೊರೆಯುವುದು ಕಷ್ಟ.

೨

ವೊಲ್ಟುಮ್ನ ಎಂಬ ಹೆಸರು ಲಿವಿಯ ಇತಿಹಾಸದಲ್ಲಿ ಐದು ಕಡೆ ಬರುತ್ತದೆ. ಐದು ಕಡೆಗಳಲ್ಲಿಯೂ ಅದು ಬರುವುದು 'ವೊಲ್ಟುಮ್ನನ ಪುಣ್ಯಕ್ಷೇತ್ರ' ಎಂಬ ಒಂದೇ ಪದಪುಂಜದಲ್ಲಿ. ಸಾಂಪ್ರದಾಯಿಕ ಕಾಲಗಣನೆಯಂತೆ ಈ ಪ್ರಸಂಗಗಳೆಲ್ಲ ಕ್ರಿ. ಪೂ. ೪೩೪ರಿಂದ ೩೮೯ರವರೆಗಿನ ನಲವತ್ತೈದು ವರ್ಷಗಳಿಗೆ ಸೇರಿದವು. ಲಿವಿಯಾದರೋ ಕ್ರಿ. ಪೂ. ಮೊದಲನೆಯ ಶತಮಾನದ ಕೊನೆಯಲ್ಲಿ, ಅಂದರೆ ಆ ಘಟನೆಗಳಿಗೆ ಸುಮಾರು ನಾನೂರು ವರ್ಷಗಳ ತರುವಾಯ, ಬರೆದವನು.

ಪ್ರಸಂಗಗಳನ್ನು ಒಂದೊಂದಾಗಿ ನೋಡೋಣ. ಕ್ರಿ. ಪೂ. ೪೩೪ರಲ್ಲಿ ರೋಮನ್ನರು ಫಿಡೀನೀ ಪಟ್ಟಣವನ್ನು ಹಿಡಿದ ಅನಂತರ ವೇಯಿ ಮತ್ತು ಫಲೇರಿಯಿ ನಗರಗಳು ಹನ್ನೆರಡು ಜನಪದಗಳಿಗೂ ದೂತರನ್ನು ಕಳುಹಿ, ವೊಲ್ಟುಮ್ನನ ಕ್ಷೇತ್ರದಲ್ಲಿ ಸಮಸ್ತ ಎಟ್ರೂರಿಯದ ಸಭೆಯನ್ನು ಕರೆಯಬೇಕೆಂದು ಕೇಳಿಕೊಂಡವು. ವೇಯಿಯವರಿಗೆ ನೆರವನ್ನು ನಿರಾಕರಿಸಲಾಯಿತೆಂಬ ಸುದ್ದಿಯನ್ನು ರೋಮಿಗೆ ತಂದವರು ವರ್ತಕರು. ಸ್ವಲ್ಪ ಕಾಲದಲ್ಲಿಯೇ ಮತ್ತೆ ಅಲ್ಲಿ ಮಂತ್ರಾಲೋಚನೆ ನಡೆದು, ವಿಷಯವನ್ನು ಒಂದು ವರ್ಷ ಮುಂದಕ್ಕೆ ಹಾಕಲಾಯಿತು. ಕ್ರಿ. ಪೂ. ೪೦೫ರಲ್ಲಿ ವೇಯಿಯ ಯುದ್ಧವನ್ನು ಎಲ್ಲರೂ ಒಟ್ಟಾಗಿ ಹೊರಬೇಕೆ ಎಂಬ ಪ್ರಶ್ನೆ ಬಂದಾಗ ಸಭೆ ಯಾವ ತೀರ್ಮಾನಕ್ಕೂ ಬರಲಿಲ್ಲ. ಕ್ರಿ. ಪೂ. ೩೯೭ರಲ್ಲಿ ಕಪೇನ ಮತ್ತು ಫಲೇರಿಯಿಯವರು ಮತ್ತೆ ಸಹಾಯ ಬೇಡಿದಾಗ, ಉತ್ತರದ ಗಡಿಯಲ್ಲಿ ಗಾಲರೆಂಬ ಹೊಸ ಜನ ಬಂದು ನೆಲಸಿರುವುದನ್ನು ಮುಂದುಮಾಡಿ ಉಳಿದವರು ಹಿಂಜರಿದರು. ಕ್ರಿ. ಪೂ. ೩೮೯ರಲ್ಲಿ ಎಟ್ರೂರಿಯದ ಮುಖಂಡರೆಲ್ಲ ಅದೇ ಕ್ಷೇತ್ರದಲ್ಲಿ ಕೂಡಿ ರೋಮಿನ ವಿರುದ್ಧ ಸಂಚು ಹೂಡಿದ್ದಾರೆಂಬ ವದಂತಿಯನ್ನು ಮತ್ತೆ ವರ್ತಕರೇ ತಂದರು.

ಇಷ್ಟೇ ಲಿವಿ ಹೇಳುವುದು. ದೈವದ ಸ್ವರೂಪವಾಗಲಿ, ವಿಗ್ರಹವಾಗಲಿ, ಪೂಜಾವಿಧಿಯಾಗಲಿ, ಕ್ಷೇತ್ರವಿದ್ದ ಸ್ಥಳವಾಗಲಿ ಈ ಐದು ವಾಕ್ಯಗಳಲ್ಲಿ ಎಲ್ಲಿಯೂ ಇಲ್ಲ. ಲಿವಿಗೆ ಬೇಕಾಗಿದ್ದುದು ಶತ್ರುಗಳು ಎಲ್ಲಿ ಕೂಡಿದರು, ಏನು ನಿಶ್ಚಯಿಸಿದರು ಎಂಬುದು ಮಾತ್ರ. ದೇವರ ಹೆಸರು ಅವನಲ್ಲಿ ಸಭಾಸ್ಥಾನದ ವಿಳಾಸವಾಗಿ ನಿಂತಿದೆ. ಅಷ್ಟೇ ಅಲ್ಲ, ಲ್ಯಾಟಿನ್ನಿನ ಷಷ್ಠೀವಿಭಕ್ತಿಯ ರೂಪವೊಂದೇ ಅವನಲ್ಲಿ ದೊರೆಯುವುದರಿಂದ, ಅದು ಪುರುಷದೈವವೋ ಸ್ತ್ರೀದೈವವೋ ಎಂಬುದನ್ನು ಕೂಡ ಆ ಪಾಠದಿಂದ ನಿರ್ಧರಿಸಲಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಿಘಂಟುಕಾರರು ವೊಲ್ಟುಮ್ನ ಎಂಬುದನ್ನು ದೇವಿಯೆಂದು ಬರೆದುದು ಇದರಿಂದಲೇ. ಯಾವ ದೈವದ ಲಿಂಗವೇ ಆಕರದಿಂದ ತಿಳಿಯದೋ ಆ ದೈವದ ಗುಣಸ್ವಭಾವಗಳು ಅದೇ ಆಕರದಿಂದ ತಿಳಿದುವೆಂದು ಹೇಳುವುದು ಸಲ್ಲದು.

'ಒಕ್ಕೂಟದ ಅಧಿದೇವತೆ' ಎಂಬ ಮಾತನ್ನೂ ಇಲ್ಲಿಯೇ ತೂಗಿ ನೋಡಬೇಕು. ಲಿವಿಯ ಸಾಕ್ಷ್ಯವನ್ನು ಹಾಗೆಯೇ ಒಪ್ಪಿಕೊಂಡರೂ ಐದು ಸಭೆಗಳ ಫಲವೇನು? ಒಮ್ಮೆ ನಿರಾಕರಣೆ, ಒಮ್ಮೆ ಮುಂದೂಡಿಕೆ, ಒಮ್ಮೆ ಅನಿಶ್ಚಯ, ಮತ್ತೊಮ್ಮೆ ನಿರಾಕರಣೆ, ಕೊನೆಗೆ ಒಂದು ವದಂತಿ. ಒಮ್ಮತದಿಂದ ಯುದ್ಧಕ್ಕೆ ಹೊರಟ ನಿದರ್ಶನ ಈ ಪ್ರಸಂಗಗಳಲ್ಲಿ ಒಂದೂ ಇಲ್ಲ. ಇಂಥ ಸಂಸ್ಥೆಯನ್ನು ರಾಜ್ಯಾಂಗಬದ್ಧವಾದ ಸಂಯುಕ್ತರಾಷ್ಟ್ರವೆಂದೂ ಕ್ಷೇತ್ರವನ್ನು ಅದರ ರಾಜಧಾನಿಯೆಂದೂ ವರ್ಣಿಸುವುದು ಆಧುನಿಕ ರಾಜ್ಯಶಾಸ್ತ್ರದ ಪರಿಭಾಷೆಯನ್ನು ಹಿಂದಕ್ಕೆ ಆರೋಪಿಸಿದಂತೆ. ಎರಡು ಸಲವೂ ಸುದ್ದಿಯನ್ನು ತಂದವರು ವರ್ತಕರೆಂಬ ಚಿಕ್ಕ ಸಂಗತಿ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಸಭೆ ಕೂಡಿದಾಗ ಅಲ್ಲಿ ಸಂತೆಯೂ ಕೂಡುತ್ತಿತ್ತು, ಪರನಾಡಿನ ವ್ಯಾಪಾರಿಗಳಿಗೆ ಅಲ್ಲಿ ಓಡಾಡುವ ಅವಕಾಶವಿತ್ತು ಎಂದು ಅದರಿಂದ ಊಹಿಸಬಹುದು. ದೇವರ ಸನ್ನಿಧಿಯಲ್ಲಿ ಜಾತ್ರೆ, ಜಾತ್ರೆಯಲ್ಲಿ ವ್ಯಾಪಾರ, ವ್ಯಾಪಾರದ ಜೊತೆಗೆ ಮುಖಂಡರ ಮಾತುಕತೆ: ಈ ಕ್ರಮವೇ ಆಕರಕ್ಕೆ ಹೆಚ್ಚು ಹೊಂದುತ್ತದೆ.

ವಿಚಿತ್ರವೆಂದರೆ, ಎಟ್ರಸ್ಕನರ ಧರ್ಮಭಾವನೆ ಲಿವಿಯಲ್ಲಿ ನಿಜವಾಗಿ ಕಾಣಿಸಿಕೊಳ್ಳುವ ಸ್ಥಳದಲ್ಲಿ ವೊಲ್ಟುಮ್ನನ ಹೆಸರಿಲ್ಲ. ಕ್ರಿ. ಪೂ. ೪೦೩ರ ಸಂದರ್ಭದಲ್ಲಿ ಅವನು ವೇಯಿಯ ಅರಸನೊಬ್ಬನ ಮಾತನ್ನೆತ್ತುತ್ತಾನೆ. ಹನ್ನೆರಡು ಜನಪದಗಳ ಮತದಿಂದ ತನ್ನನ್ನು ಬಿಟ್ಟು ಬೇರೊಬ್ಬನನ್ನು ಅರ್ಚಕನನ್ನಾಗಿ ಆರಿಸಿದರೆಂಬ ಸಿಟ್ಟಿನಿಂದ ಈತನು ಪವಿತ್ರ ಕ್ರೀಡೋತ್ಸವದ ಮಧ್ಯದಲ್ಲಿಯೇ ಕಲಾವಿದರನ್ನು ಹಿಂದಕ್ಕೆ ಕರೆಸಿಕೊಂಡನಂತೆ. ಆ ಕಲಾವಿದರಲ್ಲಿ ಹೆಚ್ಚಿನವರು ಅವನ ದಾಸರೇ ಆಗಿದ್ದರು. ಉತ್ಸವವನ್ನು ಕೆಡಿಸಿದವನೆಂಬ ಕಾರಣಕ್ಕೆ ಎಟ್ರಸ್ಕನರು ಅವನನ್ನು ದ್ವೇಷಿಸಿದರು. ಅವನು ಆಳುವ ತನಕ ವೇಯಿಗೆ ನೆರವು ಕೊಡುವುದಿಲ್ಲವೆಂದು ಗೊತ್ತುಮಾಡಿದರು. ರೋಮಿನ ಮುತ್ತಿಗೆಗೆ ಸಿಕ್ಕಿದ ಸೋದರನಗರವನ್ನು ಉತ್ಸವಭಂಗದ ದೋಷಕ್ಕಾಗಿ ಕೈಬಿಟ್ಟ ಜನರಿಗೆ ಆ ಉತ್ಸವವೆಂದರೆ ಏನಾಗಿದ್ದಿರಬೇಕು! ಈ ಉತ್ಸವ ವೊಲ್ಟುಮ್ನನ ಕ್ಷೇತ್ರದ್ದೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ಊಹೆ ಯುಕ್ತವಾದುದೇ, ಆದರೆ ಅದು ಊಹೆಯೆಂಬುದನ್ನು ಮರೆಯಬಾರದು.

೩

ಹಾಗಾದರೆ ಪರಮದೈವ, ಋತುಪರಿವರ್ತನೆ, ರೂಪಾಂತರ ಎಂಬ ರೇಖೆಗಳು ಎಲ್ಲಿಂದ ಬಂದವು? ಅವು ಬಂದುದು ರೋಮಿನಲ್ಲಿ ಪೂಜೆಗೊಳ್ಳುತ್ತಿದ್ದ ವೊರ್ಟುಮ್ನಸ್ ಎಂಬ ದೈವದಿಂದ. ಇದಕ್ಕೆ ವರ್ಟುಮ್ನಸ್ ಎಂಬ ಪಾಠವೂ ಉಂಟು. ಈ ವೊರ್ಟುಮ್ನಸನೇ ವೊಲ್ಟುಮ್ನನೆಂದು ನಾವು ಗ್ರಹಿಸುತ್ತೇವೆ. ಆದರೆ ಇವೆರಡೂ ಒಂದೇ ಎಂಬ ಮಾತನ್ನು ಲಿವಿ ಹೇಳುವುದಿಲ್ಲ, ವಾರೊ ಹೇಳುವುದಿಲ್ಲ, ಪ್ರೊಪರ್ಷಿಯಸನೂ ಹೇಳುವುದಿಲ್ಲ. ಹೆಸರುಗಳ ಧ್ವನಿಸಾಮ್ಯವನ್ನು ಆಧರಿಸಿ ಆಧುನಿಕರು ಹೂಡಿದ ಸಮೀಕರಣವಿದು.

'ಪರಮದೈವ' ಎಂಬ ವಿಶೇಷಣಕ್ಕೆ ಆಧಾರ ವಾರೊ. ಲ್ಯಾಟಿನ್ ಭಾಷೆಯನ್ನು ಕುರಿತ ತನ್ನ ಗ್ರಂಥದ ಐದನೆಯ ಭಾಗದಲ್ಲಿ ಅವನು ರೋಮಿನ ಬೀದಿಗಳ ಹೆಸರುಗಳನ್ನು ವಿವರಿಸುತ್ತ, ಎಟ್ರಸ್ಕನರು ನೆಲಸಿದ್ದುದರಿಂದ ಒಂದು ಬೀದಿಗೆ ಅವರ ಹೆಸರು ಬಂದಿತೆಂದೂ, ಎಟ್ರೂರಿಯದ ಪ್ರಮುಖದೈವವಾದ ವೊರ್ಟುಮ್ನಸನ ಪ್ರತಿಮೆ ಅಲ್ಲಿ ನಿಂತಿರುವುದು ಆ ಕಾರಣದಿಂದಲೇ ಎಂದೂ ಹೇಳುತ್ತಾನೆ. ಸಂದರ್ಭವನ್ನು ಗಮನಿಸಬೇಕು: ಇದು ಬೀದಿಯೊಂದರ ಹೆಸರಿನ ನಿರುಕ್ತಿ, ಎಟ್ರಸ್ಕನ್ ದೇವಗಣದ ನಿರೂಪಣೆಯಲ್ಲ. ಅದೇ ಗ್ರಂಥದ ಅದೇ ಭಾಗದಲ್ಲಿ ಸ್ವಲ್ಪ ಮುಂದೆ, ಸಬೈನರ ಅರಸನಾದ ಟೇಷಿಯಸನು ರೋಮಿನಲ್ಲಿ ಸ್ಥಾಪಿಸಿದ ವೇದಿಕೆಗಳನ್ನೂ ಸಬೈನ್ ಭಾಷೆಯ ವಾಸನೆಯುಳ್ಳ ದೇವನಾಮಗಳನ್ನೂ ಪಟ್ಟಿಮಾಡುವಾಗ ವಾರೊ ವೊರ್ಟುಮ್ನಸನನ್ನು ಅಲ್ಲಿಯೂ ಸೇರಿಸುತ್ತಾನೆ. ಒಂದೇ ಲೇಖಕ, ಒಂದೇ ಗ್ರಂಥ. ಒಂದೆಡೆ ಎಟ್ರಸ್ಕನ್, ಇನ್ನೊಂದೆಡೆ ಸಬೈನ್! ಮೊದಲನೆಯ ವಾಕ್ಯವನ್ನು ಉದ್ಧರಿಸುವವರು ಎರಡನೆಯದನ್ನು ಬಿಟ್ಟುಬಿಡುವುದು ವಿಮರ್ಶೆಯ ಮರ್ಯಾದೆಯಲ್ಲ.

ರೂಪಾಂತರದ ಮತ್ತು ಋತುಗಳ ಮಾತು ಬಂದುದು ಕವಿಗಳಿಂದ. ಪ್ರೊಪರ್ಷಿಯಸನು ತನ್ನ ನಾಲ್ಕನೆಯ ಸಂಪುಟದ ಎರಡನೆಯ ಕವಿತೆಯಲ್ಲಿ ಆ ಬೀದಿಯ ಪ್ರತಿಮೆಯಿಂದಲೇ ಮಾತನಾಡಿಸುತ್ತಾನೆ. ತಾನು ಎಟ್ರಸ್ಕನನೆಂದೂ, ಯುದ್ಧದ ನಡುವೆ ವೊಲ್ಸಿನಿಯಿಯ ಒಲೆಗಳನ್ನು ತೊರೆದು ಬಂದುದಕ್ಕೆ ತನಗೆ ಮರುಕವಿಲ್ಲವೆಂದೂ ದೈವ ಹೇಳಿಕೊಳ್ಳುತ್ತದೆ. ತನ್ನ ಹೆಸರಿಗೆ ಅದು ಹಲವು ವ್ಯುತ್ಪತ್ತಿಗಳನ್ನು ಕೊಡುತ್ತದೆ: ಟೈಬರ್ ನದಿಯ ಪಾತ್ರವನ್ನು ತಿರುಗಿಸಿದುದರಿಂದ, ವರ್ಷಚಕ್ರ ತಿರುಗಿ ಫಲಗಳು ಬರುವುದರಿಂದ, ಎಲ್ಲ ರೂಪಗಳಿಗೂ ತಾನು ತಿರುಗಬಲ್ಲುದರಿಂದ. ಇವೆಲ್ಲವೂ 'ತಿರುಗು' ಎಂಬ ಅರ್ಥದ ಲ್ಯಾಟಿನ್ ಧಾತುವಿನ ಮೇಲೆ ಕಟ್ಟಿದ ಶಬ್ದಚಮತ್ಕಾರ. ಎಟ್ರಸ್ಕನ್ ಹೆಸರೊಂದನ್ನು ಲ್ಯಾಟಿನ್ ಧಾತುವಿನಿಂದ ಬಿಡಿಸಿದರೆ ದೊರೆಯುವುದು ಲ್ಯಾಟಿನ್ನರ ಕಲ್ಪನೆಯೇ ಹೊರತು ಎಟ್ರಸ್ಕನರ ನಂಬಿಕೆಯಲ್ಲ. ಓವಿಡನು 'ರೂಪಾಂತರಗಳು' ಕಾವ್ಯದ ಹದಿನಾಲ್ಕನೆಯ ಭಾಗದಲ್ಲಿ ಈ ದೈವವನ್ನು ಪೊಮೋನ ಎಂಬ ಫಲದೇವತೆಯ ಪ್ರಣಯಿಯನ್ನಾಗಿ ಮಾಡಿ ಬಗೆಬಗೆಯ ವೇಷಗಳನ್ನು ತೊಡಿಸಿದುದು ಇದರ ಮುಂದಿನ ಹೆಜ್ಜೆ. ಕಾವ್ಯವಾಗಿ ಇವೆರಡಕ್ಕೂ ಅವುಗಳದೇ ಆದ ಸೊಗಸಿದೆ. ಆದರೆ ಇವನ್ನು ವೊಲ್ಟುಮ್ನನ ಸ್ಥಳಪುರಾಣವೆಂದು ಓದುವುದು ತಪ್ಪು.

ಪ್ರೊಪರ್ಷಿಯಸನ ಕವಿತೆಯಲ್ಲಿ ಇತಿಹಾಸಕಾರನಿಗೆ ಉಪಯುಕ್ತವಾದ ಅಂಶ ಬೇರೆ ಇದೆ. ಅದು ವೊಲ್ಸಿನಿಯಿ ನಗರದ ಹೆಸರು. ಕ್ರಿ. ಪೂ. ೨೬೪ರಲ್ಲಿ ರೋಮಿನ ಕಾನ್ಸಲ್ ಮಾರ್ಕಸ್ ಫುಲ್ವಿಯಸ್ ಫ್ಲಾಕಸ್ ಈ ನಗರವನ್ನು ಗೆದ್ದನು. ಹಳೆಯ ಪಟ್ಟಣವನ್ನು ನಾಶಮಾಡಿ, ಉಳಿದವರನ್ನು ಬೇರೊಂದು ಸ್ಥಳಕ್ಕೆ ಸಾಗಿಸಲಾಯಿತು. ರೋಮಿನ ಅವೆಂಟೈನ್ ಗುಡ್ಡದ ವೊರ್ಟುಮ್ನಸ್ ದೇಗುಲದಲ್ಲಿ ವಿಜಯವಸ್ತ್ರವನ್ನುಟ್ಟ ಫ್ಲಾಕಸನ ಚಿತ್ರವಿದ್ದಿತೆಂದು ಫೆಸ್ಟಸ್ ತಿಳಿಸುತ್ತಾನೆ. ಎರಡು ಸಾವಿರ ಪ್ರತಿಮೆಗಳ ಆಸೆಗಾಗಿಯೇ ರೋಮನ್ನರು ವೊಲ್ಸಿನಿಯಿಯನ್ನು ಹಿಡಿದರೆಂದು ಸ್ಕೆಪ್ಸಿಸ್ ಊರಿನ ಮೆಟ್ರೊಡೋರಸ್ ಆಪಾದಿಸಿದ್ದನ್ನು ಹಿರಿಯ ಪ್ಲಿನಿ ದಾಖಲಿಸಿದ್ದಾನೆ. ವೊಲ್ಸಿನಿಯಿಯ ಗೆಲುವಿನ ಕಾಣಿಕೆಯೆಂದು ಫ್ಲಾಕಸನ ಹೆಸರನ್ನು ಹೊತ್ತ ಪೀಠಶಾಸನ ರೋಮಿನ ಸಂತ ಒಮೊಬೊನೊ ಇಗರ್ಜಿಯ ಬಳಿಯ ಉತ್ಖನನದಲ್ಲಿ ದೊರೆತಿದೆ. ಇವನ್ನೆಲ್ಲ ಕೂಡಿಸಿ ನೋಡಿದರೆ ರೋಮಿನಲ್ಲಿ ಈ ದೈವಕ್ಕೆ ಸಂದ ಗೌರವದ ಬಣ್ಣ ಬದಲಾಗುತ್ತದೆ. ದೇಗುಲದ ಗೋಡೆಯಲ್ಲಿದ್ದುದು ಗೆದ್ದವನ ಚಿತ್ರ. ದೇವರ ಬಾಯಿಂದ ಕವಿ ಆಡಿಸಿದುದು ತನ್ನ ಊರನ್ನು ಬಿಟ್ಟು ಬಂದುದಕ್ಕೆ ತನಗೆ ದುಃಖವಿಲ್ಲವೆಂಬ ಮಾತು. ಸೂರೆಯಾದ ನಗರದ ಜನ ಅದೇ ಮಾತನ್ನು ಆಡುತ್ತಿದ್ದರೆಂದು ನಂಬಲು ಆಧಾರವಿಲ್ಲ.

೪

ಎಟ್ರಸ್ಕನರ ಕೈಯಿಂದಲೇ ಬಂದ ಸಾಕ್ಷ್ಯ ಏನಿದೆ? ೧೮೭೭ರಲ್ಲಿ ಪಿಯಾಚೆಂಜ ಪಟ್ಟಣದ ಬಳಿ ದೊರೆತ, ಕುರಿಯ ಯಕೃತ್ತಿನ ಆಕಾರದ ಕಂಚಿನ ಫಲಕ ಪ್ರಸಿದ್ಧವಾದುದು. ಬಲಿಪಶುವಿನ ಯಕೃತ್ತನ್ನು ನೋಡಿ ಶಕುನ ಹೇಳುವವರಿಗಾಗಿ ಅದನ್ನು ಮನೆಮನೆಗಳಾಗಿ ವಿಭಾಗಿಸಿ, ಒಂದೊಂದರಲ್ಲಿ ಒಂದೊಂದು ದೈವದ ಹೆಸರನ್ನು ಕೆತ್ತಿದ್ದಾರೆ. ಟಿನಿಯ, ಫುಫ್ಲುನ್ಸ್ ಮುಂತಾದ ಹೆಸರುಗಳು ಅಲ್ಲಿವೆ. ವೊಲ್ಟುಮ್ನ ಎಂಬ ಪೂರ್ಣರೂಪ ಇಲ್ಲ. ಪರಮದೈವವೆನ್ನಿಸಿಕೊಂಡ ಹೆಸರು ದೇವತಾಪಟ್ಟಿಯಲ್ಲಿ ಕಾಣದಿರುವುದು ಯೋಚಿಸಬೇಕಾದ ವಿಷಯ. ಆಕಾಶದೈವವಾದ ಟಿನಿಯನಿಗೆ ವೊಲ್ಸಿನಿಯಿಯಲ್ಲಿ ಸಂದ ವಿಶೇಷನಾಮವೇ ವೊಲ್ಟುಮ್ನ ಎಂದು ಕೆಲವು ವಿದ್ವಾಂಸರು ಅಭಿಪ್ರಾಯಪಡಲು ಇದೂ ಒಂದು ಕಾರಣ.

ಎರಡನೆಯದು ಟುಸ್ಕಾನಿಯ ಪಟ್ಟಣದಲ್ಲಿ ದೊರೆತ ಕಂಚಿನ ಕನ್ನಡಿ. ಇದರ ಹಿಂಬದಿಯ ಕೆತ್ತನೆಯಲ್ಲಿ ಪಾವ ತಾರ್ಖಿಯೆಸ್ ಎಂಬ ತರುಣನು ಕೈಯಲ್ಲಿ ಯಕೃತ್ತನ್ನು ಹಿಡಿದು ಪರೀಕ್ಷಿಸುತ್ತಿದ್ದಾನೆ. ಪಕ್ಕದಲ್ಲಿ ಹಿರಿಯನೊಬ್ಬನು ಗಮನವಿಟ್ಟು ನೋಡುತ್ತಿದ್ದಾನೆ. ಅಂಚಿನಲ್ಲಿ ಗಡ್ಡಧಾರಿಯಾಗಿ ಈಟಿಯನ್ನು ಹಿಡಿದು ನಿಂತ ಪುರುಷನ ಬಳಿ ವೆಲ್ಟುನೆ ಎಂಬ ಬರಹವಿದೆ. ಇದು ವೊಲ್ಟುಮ್ನನ ಹೆಸರಿನ ಎಟ್ರಸ್ಕನ್ ರೂಪವೆಂಬ ಅಭಿಪ್ರಾಯವನ್ನು ಬಹಳ ಮಂದಿ ಒಪ್ಪುತ್ತಾರೆ. ಒಪ್ಪಿದರೆ, ದೈವವು ಪುರುಷನೆಂಬುದಕ್ಕೆ ಎಟ್ರಸ್ಕನರ ಸಾಕ್ಷ್ಯವೇ ದೊರೆತಂತಾಯಿತು. ಇಲ್ಲಿ ಅವನು ಹಣ್ಣಿನ ಬುಟ್ಟಿಯನ್ನು ಹೊತ್ತಿಲ್ಲ, ವೇಷ ಬದಲಿಸಿಲ್ಲ. ಶಕುನಶಾಸ್ತ್ರದ ಉಪದೇಶಕ್ಕೆ ಸಾಕ್ಷಿಯಾಗಿ ನಿಂತಿದ್ದಾನೆ. ಎಟ್ರಸ್ಕನರು ತಮ್ಮ ಧರ್ಮದ ಸಾರವೆಂದು ಭಾವಿಸಿದುದು ಈ ಶಾಸ್ತ್ರವನ್ನೇ. ಕವಿಗಳ ವೊರ್ಟುಮ್ನಸನಿಗೂ ಕನ್ನಡಿಯ ವೆಲ್ಟುನೆಗೂ ಇರುವ ದೂರ ಇದರಿಂದ ಸ್ಪಷ್ಟವಾಗುತ್ತದೆ.

೫

ಇನ್ನು ಕ್ಷೇತ್ರದ ಸ್ಥಳ. ಓರ್ವಿಯೇಟೊ ಎಂಬ ಹೆಸರು 'ಹಳೆಯ ನಗರ' ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಬಂದುದು. ಅದೇ ಹಳೆಯ ವೊಲ್ಸಿನಿಯಿ ಎಂದು ಕಾರ್ಲ್ ಓಟ್‌ಫ್ರೀಡ್ ಮುಲ್ಲರ್ ಅವರು ೧೮೨೮ರಲ್ಲಿ ಸೂಚಿಸಿದರು. ರೋಮನ್ನರು ಜನರನ್ನು ಸಾಗಿಸಿದ ಹೊಸ ಊರು ಸರೋವರದ ದಡದ ಬೊಲ್ಸೇನ. ಸ್ಪೆಲ್ಲೊ ಪಟ್ಟಣದಲ್ಲಿ ೧೭೩೩ರಲ್ಲಿ ದೊರೆತ ಕಾನ್ಸ್ಟಂಟೈನ್ ಚಕ್ರವರ್ತಿಯ ಶಾಸನವು, ಅಂಬ್ರಿಯದವರು ವೊಲ್ಸಿನಿಯಿಗೆ ಹೋಗಿ ಟಸ್ಕನಿಯವರೊಡನೆ ಉತ್ಸವದಲ್ಲಿ ಭಾಗವಹಿಸುವ ರೂಢಿಯಿದ್ದುದನ್ನು ತಿಳಿಸಿ, ಇನ್ನುಮುಂದೆ ತಮ್ಮಲ್ಲಿಯೇ ನಾಟಕ ಮತ್ತು ಕತ್ತಿಮಲ್ಲರ ಕಾಳಗಗಳನ್ನು ನಡೆಸಿಕೊಳ್ಳಲು ಅವರಿಗೆ ಅನುಮತಿ ಕೊಡುತ್ತದೆ. ಕ್ರಿ. ಶ. ನಾಲ್ಕನೆಯ ಶತಮಾನದವರೆಗೂ ಪ್ರಾದೇಶಿಕ ಉತ್ಸವವೊಂದು ವೊಲ್ಸಿನಿಯಿಯ ಹೆಸರಿನೊಡನೆ ಉಳಿದಿತ್ತೆಂಬುದಕ್ಕೆ ಇದು ಸಾಕ್ಷಿ. ವೊಲ್ಟುಮ್ನನ ಹೆಸರು ಮಾತ್ರ ಈ ಶಾಸನದಲ್ಲಿಯೂ ಇಲ್ಲ.

ಓರ್ವಿಯೇಟೊ ಬಂಡೆಯ ಬುಡದಲ್ಲಿ ಕಾಂಪೊ ದೆಲ್ಲ ಫಿಯೇರ ಎಂಬ ಬಯಲಿದೆ. ಹೆಸರಿನ ಅರ್ಥ 'ಜಾತ್ರೆಯ ಬಯಲು'. ೨೦೦೦ದಿಂದ ಸಿಮೊನೆತ್ತ ಸ್ತೊಪ್ಪೋನಿ ಅವರ ನೇತೃತ್ವದಲ್ಲಿ ಇಲ್ಲಿ ನಡೆದ ಉತ್ಖನನಗಳಲ್ಲಿ ದೇಗುಲಗಳ ತಳಪಾಯಗಳು, ವೇದಿಕೆಗಳು, ಕಲ್ಲುಹಾಸಿನ ಪವಿತ್ರಮಾರ್ಗ, ಹರಕೆಯ ವಸ್ತುಗಳು ಬೆಳಕಿಗೆ ಬಂದಿವೆ. ಕ್ರಿ. ಪೂ. ಆರನೆಯ ಶತಮಾನದಿಂದ ಮೊದಲುಗೊಂಡು, ೨೬೪ರ ನಾಶದ ಅನಂತರವೂ ರೋಮನ್ನರ ಕಾಲದಲ್ಲಿ ಮುಂದುವರಿದು, ಕೊನೆಗೆ ಅಲ್ಲಿಯೇ ಕ್ರೈಸ್ತ ಇಗರ್ಜಿಯೊಂದು ಎದ್ದುನಿಲ್ಲುವ ತನಕ ಆ ಬಯಲು ಪೂಜಾಸ್ಥಾನವಾಗಿ ಉಳಿಯಿತು. ಇದೇ ವೊಲ್ಟುಮ್ನನ ಕ್ಷೇತ್ರವೆಂಬುದು ಉತ್ಖನಕಾರರ ಮತ. ಈ ಮತಕ್ಕೆ ಆಧಾರ ಸ್ಥಳದ ವಿಸ್ತಾರ, ಮಾರ್ಗಗಳ ಸೇರುವಿಕೆ ಮತ್ತು ಪೂಜೆಯ ದೀರ್ಘಕಾಲದ ಪರಂಪರೆ. ದೈವದ ಹೆಸರನ್ನು ಹೇಳುವ ಶಾಸನವಲ್ಲ. ನಮಗೆ ಆ ಮತ ಅತ್ಯಂತ ಸಂಭಾವ್ಯವೆಂದು ತೋರುತ್ತದೆ. ಸಂಭಾವ್ಯವನ್ನು ಸಿದ್ಧವೆಂದು ಹೇಳದಿರುವುದು ಮಾತ್ರ ನಮ್ಮ ಕರ್ತವ್ಯ.

ಈ ಬಯಲಿನ ಶಾಸನವೊಂದನ್ನು ಇಲ್ಲಿ ಹೆಸರಿಸಲೇಬೇಕು. ಪ್ರತಿಮೆಯ ಪೀಠವಾಗಿದ್ದ ಕಲ್ಲಿನ ಮೇಲೆ, ಕ್ರಿ. ಪೂ. ಆರನೆಯ ಶತಮಾನದ ಉತ್ತರಾರ್ಧದ ಲಿಪಿಯಲ್ಲಿ, ಕಾನುತಾ ಎಂಬ ಹೆಂಗಸು ಕಾಣಿಕೆ ಕೊಟ್ಟುದನ್ನು ಬರೆದಿದೆ. ಈಕೆ ಲಾರೆಕೆನ ಮನೆತನದ ದಾಸ್ಯದಿಂದ ಬಿಡುಗಡೆ ಪಡೆದವಳು. ಅರಾಂಥ್ ಪಿನಿಯೆ ಎಂಬವನ ಹೆಂಡತಿ. ಕಾಣಿಕೆ ಸಂದುದು ತ್ಲುಸ್ಖ್ವ ಎಂಬ ದೇವತಾಗಣಕ್ಕೆ. ಈ ಹೆಸರು ಪಿಯಾಚೆಂಜದ ಫಲಕದಲ್ಲಿಯೂ ಉಂಟು. ಲಿವಿಯ ಐದು ವಾಕ್ಯಗಳಲ್ಲಿ ಆ ಕ್ಷೇತ್ರಕ್ಕೆ ಬರುವವರೆಲ್ಲ ದೂತರು, ಮುಖಂಡರು, ವರ್ತಕರು. ಅವರು ಬರುವುದು ಯುದ್ಧದ ಮಾತಿಗಾಗಿ. ಬಯಲೇ ಮಾತನಾಡಿದಾಗ ಮೊದಲು ಕೇಳಿಬಂದುದು ಹಿಂದೆ ದಾಸಿಯಾಗಿದ್ದು ತನ್ನ ಹೆಸರಿನಲ್ಲಿಯೇ ದೇವರಿಗೆ ಕಾಣಿಕೆ ಸಲ್ಲಿಸಿದ ಹೆಂಗಸಿನ ದನಿ. ಆಕೆ ಹೆಸರಿಸಿದುದೂ ರೋಮನ್ ಗ್ರಂಥಕಾರರು ಹೇಳಿದ ದೈವವನ್ನಲ್ಲ. ಒಂದು ಕ್ಷೇತ್ರದಲ್ಲಿ ಹಲವು ದೈವಗಳು, ಹಲವು ಬಗೆಯ ಭಕ್ತರು ಇದ್ದರೆಂಬ ಸಹಜವಾದ ಸಂಗತಿ ಗ್ರಂಥಸ್ಥ ಆಕರಗಳಲ್ಲಿ ಮರೆಯಾಗಿತ್ತು.

೬

ಇಷ್ಟು ವಿವೇಚನೆಯಿಂದ ತೇಲುವ ನಿರ್ಣಯಗಳನ್ನು ಸಂಗ್ರಹವಾಗಿ ಹೇಳಬಹುದು. ಎಟ್ರಸ್ಕನರಿಗೆ ವೊಲ್ಟುಮ್ನನ ಹೆಸರಿನ ಸಾಮಾನ್ಯಕ್ಷೇತ್ರವೊಂದಿತ್ತು, ಅಲ್ಲಿ ಹನ್ನೆರಡು ಜನಪದಗಳು ಕೂಡುತ್ತಿದ್ದವು ಎಂಬುದು ದೃಢವಾದ ಅಂಶ. ಅದು ವೊಲ್ಸಿನಿಯಿಯ ಬಳಿ ಇತ್ತು, ಕಾಂಪೊ ದೆಲ್ಲ ಫಿಯೇರವೇ ಆ ಸ್ಥಳ, ಕನ್ನಡಿಯ ವೆಲ್ಟುನೆಯೇ ಆ ದೈವ ಎಂಬುವು ಸಂಭಾವ್ಯವಾದ ಅಂಶಗಳು. ಪರಮದೈವವೆಂಬ ಪದವಿ ವಾರೊವಿನ ಒಂದು ವಾಕ್ಯದ ಮೇಲೆ ನಿಂತಿದೆ. ಅವನದೇ ಇನ್ನೊಂದು ವಾಕ್ಯ ಅದನ್ನು ಅಲುಗಿಸುತ್ತದೆ. ಋತುಪರಿವರ್ತನೆ, ಫಲಸಮೃದ್ಧಿ, ರೂಪಾಂತರ ಇವು ಲ್ಯಾಟಿನ್ ಕವಿಗಳ ಆಸ್ತಿ. ಇವನ್ನು ಎಟ್ರಸ್ಕನ್ ಧರ್ಮದ ಪ್ರಕರಣದಿಂದ ತೆಗೆದು ರೋಮನ್ ಸಾಹಿತ್ಯದ ಪ್ರಕರಣಕ್ಕೆ ಸೇರಿಸುವುದೇ ಸರಿ.

ಹೀಗೆ ಮಾಡಿದರೆ ಚಿತ್ರ ಬಡವಾಗುತ್ತದೆ, ವಿದ್ಯಾರ್ಥಿಗೆ ಹೇಳುವುದೇನೂ ಉಳಿಯುವುದಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಮ್ಮ ಅಭಿಪ್ರಾಯ ಬೇರೆ. ಲಿವಿಯ ಐದು ವಾಕ್ಯ, ವಾರೊವಿನ ಎರಡು ವಾಕ್ಯ, ಕನ್ನಡಿಯ ಒಂದು ಹೆಸರು, ಕಾನುತಾಳ ಒಂದು ಶಾಸನ ಇವನ್ನು ತರಗತಿಯಲ್ಲಿ ಒಂದರ ಪಕ್ಕದಲ್ಲಿ ಒಂದಿಟ್ಟು, ಯಾರು ಬರೆದರು, ಯಾವಾಗ ಬರೆದರು, ಏಕೆ ಬರೆದರು ಎಂದು ಕೇಳುವ ಅಭ್ಯಾಸವಾದರೆ, ಸಿದ್ಧಚಿತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಿಂತ ಹೆಚ್ಚಿನ ಇತಿಹಾಸ ಆ ವಿದ್ಯಾರ್ಥಿಗೆ ದಕ್ಕುತ್ತದೆ. ತಮ್ಮ ದೇವರನ್ನು ಕುರಿತು ತಾವೇ ಹೇಳುವ ಅವಕಾಶವನ್ನು ಕಳೆದುಕೊಂಡ ಜನರಿಗೆ ಇತಿಹಾಸಕಾರನು ಸಲ್ಲಿಸಬಹುದಾದ ಕನಿಷ್ಠ ನ್ಯಾಯವೂ ಇದೇ: ಅವರು ಆಡದ ಮಾತನ್ನು ಅವರ ಬಾಯಲ್ಲಿ ಇಡದಿರುವುದು; ಅವರು ಕಲ್ಲಿನಲ್ಲಿ ಬರೆದಿಟ್ಟ ನಾಲ್ಕು ಮಾತುಗಳನ್ನಾದರೂ ಮೊದಲು ಓದುವುದು.